ಏಳನೆಯ ಪ್ರತಿಯ ಬೆನ್ನು

ಧಾರವಾಡ,
ಹೊಸ ಎಣಿಕೆಯ ೮೮, ಹದಿಮೂರನೆಯ ತಿಂಗಳು, ಆರನೆಯ ದಿನ

ಶ್ರೀಮತಿ ನೀಲಾಂಬಿಕಾ ಅವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನನ್ನ ಭಾಷೆ ಎಲ್ಲಾದರೂ ಅಸಹಜವೆನಿಸಿದರೆ ಕ್ಷಮಿಸಬೇಕು. ಮನೆಯ ಮಾತು ನಮಗೆ ಉಳಿದಿದೆ. ಬರೆಯುವ ಕನ್ನಡವನ್ನು ಮಾತ್ರ ನಾನು ನಿಮ್ಮ ಕಾಲದ ಅನುವಾದಿತ ಕಾದಂಬರಿಗಳಿಂದ ಕಲಿತೆ. ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆಯಲ್ಲಿ, ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ನನ್ನದನ್ನು ನಿಮಗೆ ಬರೆಯುತ್ತಿದ್ದೇನೆ.

ಮುಂದಿನ ಗುರುವಾರ ನಿಮ್ಮ ಪ್ರದರ್ಶನಕ್ಕೆ ಮಲ್ಲವ್ವ ಎಂಬ ಶಾಲಾ ಶಿಕ್ಷಕಿ ಬರುತ್ತಾರೆ. ಅವರು ನಮ್ಮ ಮನೆತನದ ಹಿರಿಯರು. ನೀವು ತಾಮ್ರದ ತಗಡಿನಿಂದ ಅಚ್ಚು ತೆಗೆದ ಇಪ್ಪತ್ತೈದು ಪ್ರತಿಗಳಲ್ಲಿ ಏಳನೆಯದರ ಮುಂದೆ ನಿಲ್ಲುತ್ತಾರೆ: ಕಡುನೀಲಿಯ ಮೇಲೆ ಅಂಚು ಮುಟ್ಟದೆ ನಿಂತ ಒಂದು ಬಿಳಿ ಗೆರೆ, ಕೆಳಗೆ ಕಾವಿ ಬಣ್ಣದ ಮಚ್ಚೆ. "ಇದರಾಗ ಏನೈತ್ರೀ?" ಎಂದು ಕೇಳುತ್ತಾರೆ. ನೀವು, "ಗ್ವಾಡಿಗೆ ಹಾಕ್ರಿ. ಹತ್ತು ವರ್ಷ ನೋಡ್ರಿ. ಆಮ್ಯಾಲ ನೀವ ನನಗ ಹೇಳ್ರಿ," ಎನ್ನುತ್ತೀರಿ.

ಅವರು ಅದನ್ನು ಅಕ್ಷರಶಃ ಪಾಲಿಸಿದರು. ಹತ್ತು ವರ್ಷದ ನಂತರ ಚೀಟಿ ಬರೆದು ಚಿತ್ರದ ಬೆನ್ನಿಗೆ ಮೈದಾ ಅಂಟಿನಲ್ಲಿ ಅಂಟಿಸಿದರು: "ಅರ್ಧ ತೆರೆದ ಬಾಗಿಲು." ಅಂದಿನಿಂದ ಚಿತ್ರ ಯಾರ ಪಾಲಿಗೆ ಬಂದರೂ ಹತ್ತು ವರ್ಷ ನೋಡಿ ಒಂದು ಚೀಟಿ ಅಂಟಿಸುವುದು ನಮ್ಮಲ್ಲಿ ಪದ್ಧತಿ. ಈಗ ಒಂಬತ್ತಿವೆ. ಒಂದು "ಗಂಡ ಹೋದ ಮೇಲಿನ ಹಾಸಿಗೆ" ಎನ್ನುತ್ತದೆ. ಇನ್ನೊಂದು, "ಏನೂ ಅಲ್ಲ, ಬರೀ ನೀಲಿ." ನನ್ನ ಅವ್ವನದು, "ಮಗಳು ಮೊದಲ ಸಲ ಎದ್ದು ನಿಂತದ್ದು." ಇಷ್ಟು ಬರೆಹವಿದ್ದರೆ ಚಿತ್ರದ ಬೆಲೆ ಏರುತ್ತದೆಂದೇ ಎಲ್ಲರೂ ನಂಬಿದ್ದರು.

ಆದರೆ ನಮ್ಮಲ್ಲಿ ಅರ್ಥಮನೆ ಎಂಬ ಕಚೇರಿಯಿದೆ. ಯಂತ್ರಗಳು ದಿನಕ್ಕೆ ಕೋಟಿ ಚಿತ್ರ ಮಾಡತೊಡಗಿದಾಗ ಯಾವುದಕ್ಕೆ ಎಷ್ಟು ಕೊಡಬೇಕೆಂದು ಯಾರಿಗೂ ತಿಳಿಯದೆ, ಒಂದು ಚಿತ್ರಕ್ಕೆ ಒಂದೇ ಅರ್ಥ, ಅದಕ್ಕೆ ತಕ್ಕ ಬೆಲೆ ಎಂಬ ಕಾನೂನು ಬಂತು. ಒಂದೇ ಅರ್ಥ ಸಿಗದ ಚಿತ್ರವನ್ನು 'ಮೂಕ' ಎಂದು ಬರೆದುಕೊಳ್ಳುತ್ತಾರೆ. ಹತ್ತಿಯ ಕಾಗದ ನಮಗೆ ಅಪರೂಪ, ಆದ್ದರಿಂದ ಮೂಕ ಚಿತ್ರಗಳನ್ನು ಅರೆದು ಮತ್ತೆ ಹಾಳೆ ಮಾಡುತ್ತಾರೆ. ನಾಳೆ ಹನ್ನೊಂದಕ್ಕೆ ಅರ್ಥಮನೆಯವರು ನಮ್ಮ ಮನೆಗೆ ಬರುತ್ತಾರೆ, ಚೌಕಟ್ಟು ಬಿಚ್ಚಿ ಬೆನ್ನು ನೋಡುತ್ತಾರೆ.

ಸೋದರಮಾವ ಚನಬಸು ಬೆಳಿಗ್ಗೆಯೇ ಬಂದು ಕೂತಿದ್ದಾರೆ. "ಒಂದ್ ಇಟ್ಟು ಎಂಟು ಕಿತ್ತ್ ಒಗಿ. ಸತ್ತವರೇನು ಪಂಚಾಯ್ತಿ ಕರೀತಾರ?" ಹಾಗೆ ಮಾಡಿದರೆ ಚಿತ್ರ ಉಳಿಯುತ್ತದೆ, ಈ ಬೀದಿಯನ್ನೇ ಕೊಳ್ಳುವಷ್ಟು ಬೆಲೆಯೂ ಕಟ್ಟುತ್ತಾರೆ. ಬೇರೆ ಅರ್ಥ ಈ ಮನೆಯಲ್ಲಿ ಎಂದೂ ಇರಲಿಲ್ಲವೆಂದು ನಾನು ಆಣೆ ಮಾಡಬೇಕು, ಅಷ್ಟೆ. ಚೀಟಿಗಳ ಅಂಟು ನೆನೆಸಲು ಒದ್ದೆ ಬಟ್ಟೆ ಹಿಡಿದು ಕೂತೆ. ಯಾವುದನ್ನು ಮೊದಲು ತೆಗೆಯಲಿ ಎಂದು ತಿಳಿಯಲಿಲ್ಲ. ಅವ್ವ ನನ್ನ ಕೈ ನೋಡುತ್ತಿದ್ದಳು.

"ನಂದ ಮೊದಲ ಕೀಳವಾ," ಎಂದಳು. "ನಾ ಇನ್ನೂ ಬದುಕೇನಿ, ಮತ್ತ ಹೇಳಾಕ ಬರತೈತಿ."

ಬಟ್ಟೆ ಕೆಳಗಿಟ್ಟು ಈ ಪತ್ರಕ್ಕೆ ಕೂತೆ. ನಿಜ ಹೇಳುತ್ತೇನೆ, ಬೇರೆಯದೇ ಕೇಳಿಕೊಳ್ಳಲು ಕೂತಿದ್ದೆ. ಕಾನೂನಿನಲ್ಲಿ ಕಲಾವಿದರ ಮಾತೇ ಕೊನೆಯದು. ಮಲ್ಲವ್ವನಿಗೆ ಕೊಡುವ ಮೊದಲು ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಒಂದು ಪದ ಬರೆದರೆ ಸಾಕು, ಯಾವ ಪದವಾದರೂ ಸರಿ, ಚಿತ್ರ ಉಳಿದುಕೊಳ್ಳುತ್ತದೆ. ಆದರೆ ಆ ಪದ ಓದಿದ ಮಲ್ಲವ್ವ ಹತ್ತು ವರ್ಷ ನೋಡುತ್ತಿರಲಿಲ್ಲ. ಅವ್ವನೂ ನಾನು ಎದ್ದು ನಿಂತದ್ದನ್ನು ಅಲ್ಲಿ ಕಾಣುತ್ತಿರಲಿಲ್ಲ.

ಆದ್ದರಿಂದ ನನ್ನ ಬಿನ್ನಹ ಇಷ್ಟೇ. ಗುರುವಾರ ಅವರು ಕೇಳಿದಾಗ, ಮಾರಾಟವಾಗಲೆಂಬ ಆಸೆಯಿಂದಾಗಲಿ, ಈ ಪತ್ರ ಓದಿದ ಕರುಣೆಯಿಂದಾಗಲಿ, ಬೆನ್ನಿನ ಮೇಲೆ ಏನನ್ನೂ ಬರೆಯಬೇಡಿ. ನೀವು ಹೇಳಿದ್ದನ್ನೇ ಹೇಳಿ.

ಚಿತ್ರ ನನ್ನ ಪಾಲಿಗೆ ಬಂದು ಎಂಟು ವರ್ಷವಾಯಿತು. ಇನ್ನೆರಡು ಬಾಕಿ ಇತ್ತು. ಒಂಬತ್ತನ್ನೂ ಹಾಗೇ ಬಿಟ್ಟು, ನಾಳೆ ಬೆಳಿಗ್ಗೆ ಎಂಟಕ್ಕೆ ಹತ್ತನೆಯದಾಗಿ ನನ್ನ ಚೀಟಿ ಅಂಟಿಸುತ್ತೇನೆ. ಮೈದಾ ಅಂಟು ಒಣಗಲು ಎರಡು ತಾಸು ಸಾಕು.

ನಿಮ್ಮ,
ಅಕ್ಕನಾಗಮ್ಮ