ರಂಗೂನಿನ ಹದಿನೇಳು ಕಾಗದ

ಕಾಪು
೨೦ ಮಾರ್ಚ್ ೨೦೨೫, ಗುರುವಾರ

ಪ್ರೀತಿಯ ಮಗಳು ರೇಚಲ್ ಬಾಯ್,

ನಿನ್ನ ಕೆಮ್ಮು ಹೇಗಿದೆ? ಮೊನ್ನೆ ವಿಡಿಯೊ ಕಾಲ್‌ನಲ್ಲಿ ಕೆಮ್ಮು ಬಂದಾಗಲೆಲ್ಲ ನೀನು ಮೈಕ್ ಬಂದ್ ಮಾಡುತ್ತಿದ್ದೆ. ನನಗೆ ಗೊತ್ತಾಗುವುದಿಲ್ಲ ಎಂದುಕೊಂಡೆಯಾ? ಮೂವತ್ತು ವರ್ಷ ಕಾರ್ಕಳದಲ್ಲಿ ಕನ್ನಡ ಟೀಚರ್ ಆಗಿದ್ದವಳು ನಾನು, ಕಳ್ಳ ಮಕ್ಕಳ ಮುಖ ದೂರದಿಂದಲೇ ತಿಳಿಯುತ್ತದೆ. ಸಿಂಗಾಪುರದ ಲೈಬ್ರರಿಯ ಎಸಿಯಲ್ಲಿ ಕೂರುವಾಗ ಶಾಲು ಹೊದ್ದುಕೋ. ರಜೆ ಮುಗಿಸಿ ಅಲ್ಲಿಗೆ ವಾಪಸು ಹೊರಟಿರುವ ಡೆನ್ವರ್ ಹತ್ತಿರ ಬಫಾತ್ ಮಸಾಲೆ ಪುಡಿ, ಹಪ್ಪಳ ಕಳುಹಿಸುತ್ತಿದ್ದೇನೆ. ಈ ಕಾಗದವೂ ಅದೇ ಕಟ್ಟಿನೊಳಗೆ ಇರುತ್ತದೆ. ಮಟ್ಟುಗುಳ್ಳ ಬದನೆಯನ್ನೂ ಕಳುಹಿಸುವ ಆಸೆ ಇತ್ತು, ಅವನು ಬೇಡವೆಂದ. ಡ್ಯಾಡಿಯ ಮಂಡಿನೋವು ಹಾಗೆಯೇ ಇದೆ. ಆದರೆ ನಿನ್ನ ಸುದ್ದಿ ಹೇಳಲು ಯಾರಾದರೂ ಸಿಕ್ಕಿದರೆ ಸಾಕು, ಮೀನು ಮಾರ್ಕೆಟಿನಲ್ಲಿ ಒಂದು ಗಂಟೆ ನಿಂತೇ ಇರುತ್ತಾರೆ. "ಬರ್ಮಾಕ್ಕೆ ಹೋದವರ ಚರಿತ್ರೆ ಬರೆಯುತ್ತಾಳೆ ಮಾರಾಯ, ಅದರಲ್ಲಿ ನನ್ನ ಅಜ್ಜನೂ ಉಂಟು!" ಕೇಳಿ ಕೇಳಿ ಮೀನಿನವರಿಗೂ ಬಾಯಿಪಾಠ ಆಗಿರಬೇಕು.

ಇಲ್ಲಿ ತಪಸ್ಸುಕಾಲ ನಡೆಯುತ್ತಿದೆ. ಬೂದಿ ಬುಧವಾರಕ್ಕೆ ಮೊದಲು ಇಗರ್ಜಿಯಲ್ಲಿ ನಮ್ಮ ವಾಳೆಯ ಮನೆಗಳನ್ನು ನೋಡಿಕೊಳ್ಳುವ ಗುರಿಕಾರ ಆಸ್ಟಿನ್ ಮನೆಮನೆಗೆ ಬಂದು ಹೋದ ವರ್ಷದ ಗರಿಗಳ ಹಬ್ಬದ ಒಣಗಿದ ಗರಿಗಳನ್ನು ಒಟ್ಟು ಮಾಡಿಕೊಂಡು ಹೋದ, ಇಗರ್ಜಿಯಲ್ಲಿ ಸುಟ್ಟು ಹಣೆಗೆ ಬೂದಿ ಮಾಡಲಿಕ್ಕೆ. ನಾನೂ ಮನೆಯ ಆಲ್ತಾರ್ ಪೂರ್ತಿ ಒರೆಸಿ, ಗರಿ, ತುಂಡಾದ ಜಪಸರ, ಅಜ್ಜಿಯ ಹುಳ ತಿಂದ ಪ್ರಾರ್ಥನೆ ಪುಸ್ತಕ ಎಲ್ಲ ಅವನ ಚೀಲಕ್ಕೆ ಹಾಕಿದೆ. ಆಶೀರ್ವಾದ ಮಾಡಿದ ವಸ್ತುಗಳನ್ನು ಕಸಕ್ಕೆ ಹಾಕಬಾರದು, ಸುಡಬೇಕು ಎಂದು ಅಜ್ಜಿಯೇ ಕಲಿಸಿದ್ದು. "ಎಲ್ಲ ಒಟ್ಟಿಗೇ ಸುಡುವಾ, ಟೀಚರ್" ಎಂದ ಆಸ್ಟಿನ್.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಡಿಸೆಂಬರಿನಿಂದ ನೀನು ಕೇಳುತ್ತಿರುವುದು ಒಂದೇ, ಅಜ್ಜಿಯ ಅಪ್ಪ, ನಿನ್ನ ಮುತ್ತಜ್ಜ ಬೆಂಜಮಿನ್ ರಂಗೂನಿನಿಂದ ಮನೆಗೆ ಬರೆದ ಹದಿನೇಳು ಕಾಗದ. ಕ್ರಿಸ್ಮಸ್ ಮುಗಿಯಲಿ, ನೆಂಟರು ಹೋಗಲಿ ಎಂದು ನಾನೇ ಮುಂದೆ ಹಾಕಿದೆ. ನೀನು ಹೇಳಿದ್ದು ನೆನಪಿದೆ: "ಮಮ್ಮಿ, ದೊರೆಗಳ ಕಾಗದ ಎಲ್ಲ ಲಂಡನ್ನಿನಲ್ಲಿ ಉಂಟು. ದೊರೆಗಳಿಗೆ ಅಡುಗೆ ಮಾಡಿದವನ ಕಾಗದ ನಮ್ಮ ಮನೆಯಲ್ಲಿ ಮಾತ್ರ ಉಂಟು." ಜಪಾನಿನವರು ಬಾಂಬು ಹಾಕಿದ ಮೇಲೆ ಕಾಗದವೂ ಬರಲಿಲ್ಲ, ಅವರೂ ಬರಲಿಲ್ಲ. ನಿನ್ನ ಪಿಎಚ್‌ಡಿಯ ಮೂರನೆಯ ಅಧ್ಯಾಯ ನಿಂತಿರುವುದೇ ಆ ಕಾಗದಗಳ ಮೇಲೆ, ತಿಂಗಳ ಕೊನೆಗೆ ಪ್ರೊಫೆಸರಿಗೆ ಕೊಡಬೇಕು ಎಂಬುದೂ ಗೊತ್ತು. ಮಣಿಪಾಲದಲ್ಲಿ ನಿನ್ನ ಗೆಳತಿ ವಿಜೇತಾ ಸ್ಕ್ಯಾನ್ ಮಾಡಲು ದಿನ ಗೊತ್ತುಮಾಡಿ ಮೂರು ಸಲ ಫೋನ್ ಮಾಡಿದಳು. ಮೊದಲು ಜ್ವರ ಎಂದೆ, ಆಮೇಲೆ ಮದುವೆ ಎಂದೆ. ಮೂರನೆಯ ಸಲ ಫೋನ್ ಎತ್ತಲಿಲ್ಲ. ಪಾಪ, ಒಳ್ಳೆಯ ಹುಡುಗಿ.

ಟ್ರಂಕಿನಲ್ಲಿ ಇರಲಿಲ್ಲ. ಅಟ್ಟದಲ್ಲಿ ಇರಲಿಲ್ಲ. ಅಜ್ಜಿಯ ಸೀರೆಗಳ ಮಡಿಕೆ ಬಿಚ್ಚಿ ನೋಡಿದೆ. ಹೋದ ವಾರ ಕಾರ್ಕಳದ ಆಂಜೆಲಾ ಅತ್ತೆಯ ಮನೆಗೇ ಹೋದೆ, ಅಜ್ಜಿ ತೀರಿಕೊಂಡಾಗ ಮಗಳೆಂದು ಅವಳು ಕೊಂಡುಹೋಗಿರಬಹುದೆಂದು. ಕೇಳಿದ್ದೇ ತಪ್ಪಾಯಿತು. "ನಾನು ಎಂತಕ್ಕೆ ಕೊಂಡುಹೋಗುವುದು? ನನ್ನನ್ನು ಕಳ್ಳಿ ಅಂತ ಎಣಿಸಿದ್ದಾ?" ಎಂದು ಅತ್ತುಬಿಟ್ಟಳು. ಕೊನೆಗೆ ಸಮಾಧಾನವಾಗಿ ಒಂದು ಮಾತು ಹೇಳಿದಳು. ಅದನ್ನು ಕೇಳಿದ ಮೇಲೆ ನಾನು ಚಹಾ ಕುಡಿಯದೆ ಎದ್ದೆ, ಬರುವಾಗ ಬಸ್ಸಿನಲ್ಲಿ ಕಾಪು ದಾಟಿದ್ದೂ ತಿಳಿಯಲಿಲ್ಲ, ಎರ್ಮಾಳಿನಲ್ಲಿ ಇಳಿದೆ. ಫೋನಿನಲ್ಲಿ ನಿನಗೆ ಹೇಳಬೇಕೆಂದು ನಾಲ್ಕು ಸಲ ಶುರುಮಾಡಿದೆ, ನಾಲ್ಕು ಸಲವೂ ಊಟ ಆಯಿತಾ ಎಂದು ಕೇಳಿ ಇಟ್ಟೆ. ನನ್ನಿಂದ ಆಗುವುದಿಲ್ಲ ಬಾಯ್.

ವೇಳೆಗೆ ಸರಿಯಾಗಿ ಊಟ ಮಾಡು, ರಾತ್ರಿ ತೇರ್ಸದ ಜಪ ಬಿಡಬೇಡ. ದೇವರು ನಿನ್ನ ತಲೆಯ ಮೇಲೆ ಕೈ ಇಟ್ಟಿರಲಿ. ಡ್ಯಾಡಿ ಮುತ್ತು ಕೊಟ್ಟಿದ್ದಾರೆ.

ನಿನ್ನ ಮಮ್ಮಿ,
ಜೆಸಿಂತಾ

ತಾ. ಕ.: ಡೆನ್ವರ್ ಗೇಟಿನ ಹತ್ತಿರ ಹಾರ್ನ್ ಹಾಕುತ್ತಿದ್ದಾನೆ, ಈಗ ಬರೆಯದಿದ್ದರೆ ಎಂದೂ ಬರೆಯಲಾರೆ. ಆಂಜೆಲಾ ಅತ್ತೆ ಹೇಳಿದ ಮಾತು ಇದು. ಅಜ್ಜಿ ಕಡೆಗಾಲದಲ್ಲಿ ಆ ಕಾಗದಗಳನ್ನು ತನ್ನ ಪ್ರಾರ್ಥನೆ ಪುಸ್ತಕದ ಬಟ್ಟೆಯ ಹೊದಿಕೆಯೊಳಗೆ ಇಟ್ಟು ಹೊಲಿದಿದ್ದರಂತೆ. ದೇವರ ಪುಸ್ತಕವನ್ನು ಯಾರೂ ಕಸಕ್ಕೆ ಹಾಕುವುದಿಲ್ಲ ಎಂಬ ಧೈರ್ಯ. ನಾನೂ ಕಸಕ್ಕೆ ಹಾಕಲಿಲ್ಲ ಮಗಾ. ಪುಸ್ತಕ ದಪ್ಪಗಿತ್ತು, ತೇವಕ್ಕೆ ಉಬ್ಬಿದೆ ಎಂದುಕೊಂಡೆ. ಆಸ್ಟಿನ್‌ನನ್ನು ಕೇಳಿದೆ, ಏನೂ ಉಳಿದಿಲ್ಲ. ಆ ಬುಧವಾರ ಡ್ಯಾಡಿಯ ಹಣೆಯ ಮೇಲೆ, ನನ್ನ ಹಣೆಯ ಮೇಲೆ ಇದ್ದದ್ದು ಅದೇ. ಡ್ಯಾಡಿಗೆ ಇನ್ನೂ ಹೇಳಿಲ್ಲ. ಅಜ್ಜಿ ಪ್ರತಿ ವರ್ಷ ಸತ್ತವರ ಹಬ್ಬದ ದಿನ ಒಂದು ಕಾಗದವನ್ನು ನಮಗೆಲ್ಲ ಓದಿ ಹೇಳುತ್ತಿದ್ದರಲ್ಲ, ಅದರಲ್ಲಿ ನನಗೆ ಇಷ್ಟು ನೆನಪಿದೆ: "ಇಲ್ಲಿಯದು ಹೊಳೆಯ ಮೀನು, ಎಷ್ಟು ಉಪ್ಪು ಹಾಕಿದರೂ ನಮ್ಮ ಕಡಲಿನ ರುಚಿ ಬರುವುದಿಲ್ಲ. ಮಗುವಿಗೆ ನನ್ನ ಮುಖ ನೆನಪುಂಟಾ, ಬರೆ." ಇದನ್ನು ನಾನು ನನ್ನ ಕೈಯಲ್ಲೇ ಬರೆದು, ಸಹಿ ಹಾಕಿ ಕೊಟ್ಟರೆ ನಿನ್ನ ಪ್ರೊಫೆಸರ್ ಒಪ್ಪುತ್ತಾರಾ?