ಬಿಳಿ ಗುಳಿಗೆಯೊಂದೇ

ಮಾರ್ಚ್ 4, ಬೆಳಿಗ್ಗೆ
ಪ್ರಾರ್ಥನೆ ಮುಗಿಸಿ ಇವರಿಗೆ ಗುಳಿಗೆ ಕೊಟ್ಟೆ. ಒಂದು ಬಿಳಿ, ಒಂದು ಹಳದಿ. ಹಳದಿ ಒಳಗೆ ಹೋದದ್ದೇ ವಾಂತಿ. ನಾದಿನಿ ಬೇಸಿನ್ ಹಿಡಿದು ನನ್ನನ್ನೇ ದುರುಗುಟ್ಟಿ ನೋಡಿದಳು — ಅಣ್ಣನ ಬಲಗಣ್ಣಿಗೆ ಹುಳ ಬಿಟ್ಟವಳು ನಾನೇ ಎಂಬಂತೆ.

ಮಾರ್ಚ್ 5
ಹಳದಿ ನಿಲ್ಲಿಸಬಹುದಾ ಅಂತ ಡಾಕ್ಟರಮ್ಮನನ್ನು ಕೇಳಿದೆ.
"ಬೇಡವೇ ಬೇಡ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹುಳ, ಜೀವಕೋಶದ ಒಳಗೇ ಕೂತಿದೆ. ಅಂಥ ಕೋಶ ತಾನೂ ಸತ್ತು ಹುಳನೂ ಸಾಯಿಸಬೇಕು. ಈ ಹುಳ ಕೋಶನ ಸಾಯೋಕೇ ಬಿಡಲ್ಲ. ಮೈ ಸಿಟ್ಟಿಗೆದ್ದು ಬೆಂಕಿ ಹಚ್ಚತ್ತೆ, ಅದೇ ಉರಿಯೂತ. ಕಣ್ಣೂ ಸುಡತ್ತೆ. ಬಿಳಿದು ಬೆಂಕಿ ಆರ್ಸತ್ತೆ, ಹಳದೀದು ಹುಳ ಕೊಲ್ಲತ್ತೆ. ಬಿಳಿದೊಂದೇ ತಗೊಂಡ್ರೆ ಹುಳಕ್ಕೆ ಹೇಳೋರು ಕೇಳೋರು ಇರಲ್ಲ."
ಇವರು ತಲೆಯಾಡಿಸಿದರು. ಮದುವೆಯಾದಾಗಿನಿಂದ ನನಗೂ ಹಾಗೇ ಆಡಿಸಿದ್ದಾರೆ.

ಮಾರ್ಚ್ 9
ಕಣ್ಣಿನ ಕೆಂಪು ಇಳಿದಿದೆ. ವಾಂತಿಯಿಲ್ಲ. ಇವರ ಹೊಲಿಗೆ ಮಿಷನ್ ಸದ್ದು ಮತ್ತೆ ಶುರು. ದೇವರು ದೊಡ್ಡವನು.
ಗಿರಾಕಿಗೆ ಹೇಳುತ್ತಿದ್ದರು, "ನೋವೇ ಇಲ್ಲ ಕಣಯ್ಯ. ಹೆದ್ರಿಸೋಕೇ ಸಂಬಳ ತಗೋತಾರೆ ಈ ಡಾಕ್ಟ್ರುಗಳು."

ಮಾರ್ಚ್ 22
ಕುಪ್ಪಸಕ್ಕೆ ಗುಂಡಿ ಬೇಕಿತ್ತು. ಇವರ ಗುಂಡಿ ಡಬ್ಬಿ ಸುರಿದೆ. ದಿನಾ ನಾನು ಕೈಗೆ ಕೊಟ್ಟ ಹಳದಿ ಗುಳಿಗೆಗಳು... ಗುಂಡಿಗಳ ನಡುವೆ ಗುಂಡಿಗಳಂತೆ.
"ಏನ್ರೀ ಇದು?"
"ಬಿಳಿದ್ರಲ್ಲೇ ವಾಸಿ ಆಯ್ತಲ್ಲೇ. ಇನ್ನೇನು?"
ನಾದಿನಿ ಅಡುಗೆಮನೆಯಿಂದಲೇ, "ಅಣ್ಣ ಸುಖವಾಗಿ ಉಂಡ್ರೆ ನಿಮಗ್ಯಾಕೆ ಅತ್ತಿಗೆ ಹೊಟ್ಟೆಯುರಿ?"
ಅಂದರೆ ಇವಳಿಗೂ ಗೊತ್ತು. ಗೊತ್ತಿಲ್ಲದೆ ದಿನಾ ದೇವರಿಗೆ ಕೃತಜ್ಞತೆ ಹೇಳುತ್ತ ಕೂತವಳು ನಾನೊಬ್ಬಳೇ.
ನಾಳೆ ಎಳೆದುಕೊಂಡಾದರೂ ಆಸ್ಪತ್ರೆಗೆ.

ಮಾರ್ಚ್ 23
ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಸಮಾಧಾನವಿತ್ತು. ಬಲಗಣ್ಣಿನ ನಡುವಿನ ನೋಟ ಹೋಗಿದೆ, ಇನ್ನು ಬರುವುದಿಲ್ಲ. ಬೆಂಕಿಯಿಲ್ಲದ ಮನೆಯಲ್ಲಿ ಹುಳ ಮೇಯ್ದಿದೆ. ನೋವಿಲ್ಲವೆಂದು ಇವರು ಕುಣಿದದ್ದು ಅದಕ್ಕೇ.
ಎಡಗಣ್ಣಲ್ಲೂ ಹಳೆಯ ಕಲೆಯಿದೆಯಂತೆ. ಅಲ್ಲಿ ಹುಳ ಮಲಗಿದೆ. ಎದ್ದರೂ ಏಳಬಹುದು.
ದಾರಿಯುದ್ದಕ್ಕೂ ನನ್ನ ತೋಳು ಹಿಡಿದೇ ನಡೆದರು. ನಾದಿನಿ ಬಾಗಿಲಲ್ಲೇ, "ಎಲ್ಲಾ ದೇವರಿಚ್ಛೆ" ಅಂದಳು. ತಮ್ಮ ಕೈಯ ಕೆಲಸಕ್ಕೆಲ್ಲ ಅವನ ಹೆಸರು.

ಮಾರ್ಚ್ 26, ಸಂಜೆ
ಇವರು ಹತ್ತಿರ ಕರೆದರು. "ಎಡಗಣ್ಣಿಗೋಸ್ಕರ ಬೇಡ್ಕೊಳ್ಳೇ. ನಿನ್ನ ಮಾತು ಅವನು ಕೇಳ್ತಾನೆ."
ನೀವು ಕೇಳಲಿಲ್ಲವಲ್ಲ ಅನ್ನಲಿಲ್ಲ. ಕೈಮುಗಿದು ಕಣ್ಣು ಮುಚ್ಚಿದೆ. ಬೇಡಿಕೆಯ ಮೊದಲ ಮಾತೇ ಬರಲಿಲ್ಲ. ಬಂದದ್ದು ಬೇರೆ, ಆ ಮಲಗಿದ ಹುಳದ ಪರವಾಗಿ. ದೇವರೇ, ಅದನ್ನು ಇಲ್ಲಿ ಬರೆಯಲೂ —