ನಿಲ್ಲದ ಮುಖ

ಫೆಬ್ರುವರಿ 3, ಬೆಳಿಗ್ಗೆ

ಎರಡೂ ಕೈ ಬಣ್ಣ. ಅದಕ್ಕೇ ಬರೆಯುವ ಬದಲು ಫೋನಿನಲ್ಲಿ ರೆಕಾರ್ಡ್ ಮಾಡಿ ಇಡುತ್ತಿದ್ದೇನೆ. ಡೋಣಿ ಊರಲ್ಲಿ ತೀರಿಕೊಂಡ ಅಜ್ಜಿಯೊಬ್ಬಳ ಚಿತ್ರ ಇವತ್ತು ಮುಗಿಯಬೇಕು, ನಾಳೆ ಆಕೆಯ ದಿನಕರ್ಮ. ಮನೆಯವರು ಕೊಟ್ಟದ್ದು ಆಧಾರ್ ಕಾರ್ಡಿನ ಫೋಟೋ, ಕಣ್ಣು ಅರ್ಧ ಮುಚ್ಚಿದೆ. ತೆರೆಸಿದೆ. ತಲೆ ಬಾಚಿದೆ, ಇಳಕಲ್ ಸೀರೆ ಉಡಿಸಿದೆ, ಹಿಂದೆ ತಿಳಿನೀಲಿ. ಬೆಟಗೇರಿಯ ನನ್ನ ಅಂಗಡಿಯಿಂದ ಹೋದ ಸತ್ತವರೆಲ್ಲ ಇದೇ ನೀಲಿಯಲ್ಲಿ ಕೂತಿದ್ದಾರೆ. ಅವರನ್ನು ಬರೆಯುವುದು ಸುಲಭ. ಅಲುಗಾಡುವುದಿಲ್ಲ, ತಕರಾರಿಲ್ಲ.

ಇನ್ನೊಂದು… ಹುಬ್ಬಳ್ಳಿಯ ಡಾಕ್ಟರು ನನ್ನ ಹಾರ್ಟಿಗೆ ಬೈಪಾಸ್ ಅಂದರು. ಇಪ್ಪತ್ತನೇ ತಾರೀಖು ಆಪರೇಶನ್. ಅದಕ್ಕೂ ಮೊದಲು ಒಂದು ಚಿತ್ರ ಆಗಬೇಕು. ಆರ್ಡರಿನದಲ್ಲ, ನನ್ನದು. ನನ್ನ ಮುಖವನ್ನೇ ಬರೆಯೋಣ ಅಂತ.

ಫೆಬ್ರುವರಿ 9, ಮಧ್ಯಾಹ್ನ

ಬರೆದು ಮುಗಿಸಿದ್ದೆ, ಕನ್ನಡಿ ನೋಡಿಕೊಂಡೇ. ಕಟ್ಟು ಹಾಕಲು ಪಕ್ಕದ ಫ್ರೇಮಿನ ಅಂಗಡಿಯ ಮಹಬೂಬಸಾಬನಿಗೆ ಕೊಟ್ಟಿದ್ದೆ. ಶಾಲೆಯಿಂದಲೂ ಗೆಳೆಯ. ಈಗ ತಂದಿಟ್ಟ. ಮೇಲಿನ ಎರಡೂ ಮೂಲೆಗೆ ಹೂವಿನ ಹಾರ ಹಾಕುವ ಮೊಳೆ, ಕೆಳಗೆ ಝೀರೋ ಬಲ್ಬಿನ ಹೋಲ್ಡರ್!

"ಲೇ ಸಾಬಾ, ನಾ ಇನ್ನೂ ಅದೀನಲೇ!"

ನಾಲಗೆ ಕಚ್ಚಿಕೊಂಡ. "ತೋಬಾ ತೋಬಾ! ಕೈ ರೂಢಿಲೇ, ಮೌನ್ಯಾ… ಆದ್ರ ತಪ್ಪು ನಂದೊಂದ ಅಲ್ಲಲೇ. ನೀ ಬರದಿದ್ದೂ ಹಂಗ ಐತಿ ನೋಡು."

ನೋಡಿದೆ. ತಿಳಿನೀಲಿ. ಬಾಚಿದ ತಲೆ. ಜನ್ಮದಲ್ಲಿ ಹಾಕದ ಕೋಟು. ನನ್ನ ಕೈಯೂ ರೂಢಿಯಲ್ಲೇ ಹೋಗಿತ್ತು.

ಹೆಂಡತಿ ನೀಲಾ ಬಂದಳು. "ಊದಿನಕಡ್ಡಿ ಹಚ್ಚೂದೊಂದು ಬಿಟ್ಟೀರಿ" ಅಂದು ಚಿತ್ರವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಳು. ಸಾಬ ನಕ್ಕ. ಅವಳು ನಗಲಿಲ್ಲ.

ಫೆಬ್ರುವರಿ 14

ಕುಂಚ ಮುಟ್ಟಿಲ್ಲ. ಸಾವಿನ ಹೆದರಿಕೆ ಅಲ್ಲ ಇದು… ಸುಳ್ಳು. ಅದೂ ಇದೆ. ಆದರೆ ಇಷ್ಟು ವರ್ಷ ಮುಖಗಳನ್ನೇ ಬರೆದು, ಬದುಕಿರುವ ಒಂದು ಮುಖ ಬರೆಯಲು ಬರಲಿಲ್ಲ ಅನ್ನಿಸಿಕೊಂಡು ಹೋಗುವುದಿದೆಯಲ್ಲ —

ಚಹಾ ತಂದ ನೀಲಾ ತಾನೇ ಅಂದಳು. "ನನ್ನ ಮಾರಿ ಬರೀರಿ."

"ಅಲಗಾಡದಂಗ ಕುಂಡ್ರತೀಯೇನು?"

"ಯಾಕ? ನಾ ಏನು ಸತ್ತೀನೇನ್ರಿ?"

ಫೆಬ್ರುವರಿ 17

ಹಿತ್ತಲಲ್ಲಿ ಕೂತಳು, ಮೆಂತ್ಯ ಸೊಪ್ಪು ಸೋಸುತ್ತ. ಕಣ್ಣಿಗೆ ಬಣ್ಣ ಇಟ್ಟೆ, ಅಷ್ಟರಲ್ಲಿ ಆಚೆ ಮನೆಯ ರೋಶನಬಿಯ ಕೋಳಿ ಬಂತು. ನೀಲಾ ಕೂಗಿದಳು: "ಏ ರೋಶನವ್ವಾ, ನಿನ್ನ ಕೋಳಿಗೆ ನಮ್ಮ ಸೊಪ್ಪಿನ ಮ್ಯಾಲೇ ಕಣ್ಣೇನ?" ಗೋಡೆಯಾಚೆಯಿಂದ ಉತ್ತರ: "ನಿನ್ನ ಕೈ ಅಡಗಿ ರುಚಿ ಅದಕ್ಕೂ ಗೊತ್ತಾಗೇತಿ ಬಿಡವಾ!" ನೀಲಾ ನಕ್ಕಳು. ಕೆನ್ನೆ ಮೇಲೇರಿತು, ಕಣ್ಣು ಸಣ್ಣದಾಯಿತು. ನಾನು ಬರೆದದ್ದೆಲ್ಲ ಹಳೆಯದಾಯಿತು. ಒರೆಸಿದೆ. ಮತ್ತೆ ಬರೆದೆ. ಅಷ್ಟರಲ್ಲಿ ಮುಖ ಮತ್ತೆ ಬೇರೆ.

ಸುಮ್ಮನಿರು ಅನ್ನಲು ಬಾಯಿ ತೆರೆದೆ. ಅನ್ನಲಿಲ್ಲ. ಫೋಟೋದಲ್ಲಿರುವ ಸತ್ತವರು ಒಂದೇ ಮುಖ ಕೊಟ್ಟು ಹೋಗಿರುತ್ತಾರೆ. ಇವಳದು ಒಂದು ಹೋಗಿ ಇನ್ನೊಂದು ಬರುವ ನಡುವೆ ಎಲ್ಲೋ ಇದೆ. ಅಲ್ಲಿ ಹಿಡಿಯಬೇಕು. ಹಿನ್ನೆಲೆಗೆ ಬಣ್ಣವೇ ಹಾಕಿಲ್ಲ.

ಫೆಬ್ರುವರಿ 19, ಸಂಜೆ

ಇವತ್ತು ಅಡ್ಮಿಟ್. ಫೋನು ಸ್ಟೂಲಿನ ಮೇಲಿದೆ, ಬರೆಯುತ್ತಲೇ ಮಾತಾಡುತ್ತಿದ್ದೇನೆ. ಕಣ್ಣು, ಕೆನ್ನೆ ಬಂದಿವೆ. ಬಾಯಿಯ ಜಾಗ ಬರೀ ಬಿಳಿ ಕ್ಯಾನ್ವಾಸ್.

ನೀಲಾ ಬ್ಯಾಗು ಹಿಡಿದು ಹಿಂದೆ ಬಂದು ನಿಂತಳು. "ಕಣ್ಣು ನನ್ನವ ಅದಾವು. ಬಾಯಿ ಎಲ್ಲೈತ್ರಿ?"

"ನಿಂದರಾಕ ಒಲ್ಲದು ಅದು."

ನಗಲು ಹೊರಟಳು. ಹೊರಟ ತುಟಿ ಅರ್ಧಕ್ಕೆ ತಿರುಗಿ ಬೇರೆಲ್ಲೋ ಹೋಯಿತು. ಅದೇ! ನನಗೆ ಬೇಕಾದದ್ದು ಅದೇ. ಒಂದು ಗೆರೆ ಎಳೆದೆ. ಕೂತಿತು.

ಹೊರಗೆ ಸಾಬನ ಗಾಡಿ ಹಾರ್ನ್ ಹೊಡೆಯುತ್ತಿದೆ.

"ಏಳ್ರಿ ಇನ್ನ, ಬಂದು ಬರದ್ರಾತು."

"ಹಂಗ ನಿಂದ್ರು… ಅಲ್ಲ, ಬ್ಯಾಡ. ಮಾತಾಡು. ಬೈ ಬೇಕಾದ್ರ."

ಬೈಯುತ್ತಿದ್ದಾಳೆ. ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ. ಕೆಳತುಟಿಗೆ ಸ್ವಲ್ಪ ಕೆಂಪು, ಈ ಕಡೆಗೆ —